ಒಣಾನೋ, ಹಸಿನೋ

9 ಫೆಬ್ರವರಿ 2016, ಬೆಳಿಗ್ಗೆ 5.40

241 ಮೀಟರ್. ಮತ್ತೆ ಕರಿಗಲ್ಲು.

ನಿನ್ನೆಯೂ ಕರಿಗಲ್ಲು, ಮೊನ್ನೆಯೂ ಕರಿಗಲ್ಲು. ಬಾವಿಯಿಂದ ಕೆಸರಿನ ಜೊತೆ ಮೇಲೆ ಬಂದ ಚೂರುಗಳನ್ನು ಜರಡಿಯಿಂದ ಎತ್ತಿದೆ, ತೊಳೆದೆ, ಮೈಕ್ರೋಸ್ಕೋಪಿನಡಿ ಇಟ್ಟೆ, ಬರೆದೆ— ‘ಬಸಾಲ್ಟ್. ಕಪ್ಪು. ಗಟ್ಟಿ.’ ಹದಿನೆಂಟು ದಿನದಿಂದ ಇದೇ ಮೂರು ಶಬ್ದ. ರಬ್ಬರ್ ಸ್ಟಾಂಪ್ ಮಾಡಿಸಿದ್ದರೆ ಕೈನೋವಾದರೂ ತಪ್ಪುತ್ತಿತ್ತು.

ಎಣ್ಣೆ-ಗ್ಯಾಸು ಹುಡುಕುವ ಕಂಪನಿಗಳಲ್ಲಿ ಇಪ್ಪತ್ತಾರು ವರ್ಷವಾಯಿತು. ಜೈಸಲ್ಮೇರ್, ಜೋರ್ಹಾಟ್, ಮೆಹಸಾಣಾ… ಎಲ್ಲ ಕಡೆ ಅದೇ ಡಬ್ಬಿಯಂಥ ಕ್ಯಾಬಿನ್ನು, ಅದೇ ಮಂಚ. ಈ ಸಲ ಔರಾದ ತಾಲೂಕು ಎಂದಾಗ ಖುಷಿಯಾಗಿತ್ತು, ಸುಳ್ಳೇಕೆ. ಬೀದರಿನ ಮೈಲೂರಿನಲ್ಲಿ ಹುಟ್ಟಿದವನು ನಾನು. ಸ್ವಂತ ಜಿಲ್ಲೆ. ಆದರೆ ಬಾವಿ ಕೊರೆಯುವ ಈ ರಿಗ್ಗಿನ ಎಪ್ಪತ್ತು ಜನರಲ್ಲಿ ಕನ್ನಡದವನು ನಾನೊಬ್ಬನೇ. ದಿನವಿಡೀ ಹಿಂದಿ, ರಿಪೋರ್ಟಿಗೆ ಇಂಗ್ಲಿಷು. ನಾಲಿಗೆಗೆ ತುಕ್ಕು ಹಿಡಿಯದಿರಲಿ ಎಂದು ಈ ನೋಟಬುಕ್ಕು ಮಾತ್ರ ಕನ್ನಡದಲ್ಲಿ.

11 ಫೆಬ್ರವರಿ

ಮೆಸ್ಸಿನಲ್ಲಿ ದಾಲ್ ಎಂಬ ಹಳದಿ ನೀರು. ತಟ್ಟೆ ಮುಂದೆ ಇಟ್ಟುಕೊಂಡು ಕೂತಿದ್ದೆ. ಪಾತ್ರೆ ತೊಳೆಯಲು ಪಕ್ಕದ ಸಣ್ಣ ಊರು ವಾಡಿಯಿಂದ ಬರುವ ಹೆಂಗಸು ಹತ್ತಿರ ಬಂದು ನಿಂತರು.

‘ಸಾಹೇಬ್ರ, ನೀವು ಕನ್ನಡದವರಂತಲ್ರಿ?’

‘ಹೌದ್ರಿ. ಬೀದರ. ಮೈಲೂರ.’

‘ಅಯ್ಯ, ಹಂಗಿದ್ರ ಈ ಅನ್ನ ತಿಂದು ಹ್ಯಾಂಗ ಬದಕೀರಿ? ನಾಳಿಂದ ನಾ ರೊಟ್ಟಿ ತರ್ತೇನಿ. ಹೆಸರೇನ್ರಿ ನಿಮ್ದು?’

‘ಪಂಢರಿ.’

‘ಬರೋಬ್ಬರಿ ಆತು ಬಿಡ್ರಿ, ಪಂಢರಿ ಅಣ್ಣ.’

ಅವರ ಹೆಸರು ಸುಭದ್ರಾಬಾಯಿ. ಐವತ್ತರ ಒಳಗೇ ಇರಬೇಕು. ಗಂಡ ಸತ್ತು ಒಂಬತ್ತು ವರ್ಷ. ಮಧ್ಯಾಹ್ನ ವಾಡಿಯ ಸಾಲೆಯಲ್ಲಿ ಬಿಸಿಯೂಟದ ಅಡುಗೆ, ಬೆಳಿಗ್ಗೆ ಇಲ್ಲಿ ಪಾತ್ರೆ.

ಅವ್ವ ಹೋದ ಮೇಲೆ ನನ್ನನ್ನು ಅಕ್ಕರೆಯಿಂದ ಹೆಸರು ಹಿಡಿದು ಕರೆದವರು ಯಾರೂ ಇಲ್ಲ. ಇಲ್ಲಿ ಎಲ್ಲರಿಗೂ ನಾನು ಜಿಯಾಲಜಿಸ್ಟ್ ಸಾಬ್. ಐವತ್ತನಾಲ್ಕರ ಗಂಡಸು ಕ್ಯಾಬಿನ್ನಿಗೆ ಬಂದು, ಚಿಲಕ ಹಾಕಿ, ಸುಮ್ಮನೆ ಕೂತೆ. ಕಣ್ಣು ಒದ್ದೆಯಾಗಿತ್ತು. ಥೂ, ಎರಡು ರೊಟ್ಟಿಯ ಮಾತಿಗೆ!

13 ಫೆಬ್ರವರಿ

ಬಿಸಿ ಜೋಳದ ರೊಟ್ಟಿ, ಜುಣಕ, ಹಸಿ ಉಳ್ಳಾಗಡ್ಡಿ. ನಾಲ್ಕು ರೊಟ್ಟಿ ತಿಂದೆ. ಐದನೆಯದಕ್ಕೆ ಕೈ ಹೋಯಿತು, ನಾಚಿಕೆಯಾಗಿ ಹಿಂದೆ ತೆಗೆದೆ. ಸುಭದ್ರಾಬಾಯಿ ನೋಡಿದರು, ತಾವೇ ಹಾಕಿದರು.

‘ನೀರು ಯಾವಾಗ ಬೀಳ್ತದ್ರಿ ಅಣ್ಣ?’

ವಾಡಿಯವರೆಲ್ಲ ಇದನ್ನು ನೀರಿನ ಬೋರು ಎಂದುಕೊಂಡಿದ್ದಾರೆ. ಇಷ್ಟು ದೊಡ್ಡ ಯಂತ್ರ ಬೇರೆ ಯಾತಕ್ಕೆ ಬರುತ್ತದೆ? ಎಣ್ಣೆಗಾಗಿ, ಗ್ಯಾಸಿಗಾಗಿ ಎಂದು ಹೇಳಿದೆ.

‘ಎಣ್ಣಿ ಕುಡಿಲಿಕ್ಕಿ ಬರ್ತದೇನ್ರಿ?’ ಎಂದರು. ಚೇಷ್ಟೆ ಅಲ್ಲ. ನಿಜವಾಗಿಯೇ ಕೇಳಿದ್ದು.

ವಾಡಿಯಲ್ಲಿ ಅರವತ್ತೆರಡು ಮನೆ. ನಲವತ್ತಕ್ಕೆ ಬೀಗ. ಪುಣೆ, ಹೈದರಾಬಾದು, ಎಲ್ಲಿ ಕೆಲಸ ಸಿಕ್ಕರೆ ಅಲ್ಲಿ. ಬೋರುಗಳು ಆರುನೂರು ಅಡಿ ಹೋಗಿ ಕರಿಗಲ್ಲಿನಲ್ಲೇ ಸತ್ತಿವೆ. ಟ್ಯಾಂಕರು ನಾಲ್ಕು ದಿನಕ್ಕೊಮ್ಮೆ. ಪುಣೆಯಲ್ಲಿ ವಾಚ್‌ಮನ್ ಆಗಿರುವ ಸುಭದ್ರಾಬಾಯಿಯ ತಮ್ಮ ಕಾಶೀರಾಮ ಬಾ ಬಾ ಅನ್ನುತ್ತಿದ್ದಾನಂತೆ.

‘ನೀರು ಬಿದ್ರ ಇಲ್ಲೇ ಇರ್ತೇನ್ರಿ. ಸಾಲ್ಯಾಗ ಇನ್ನಾ ಹನ್ನೊಂದು ಹುಡುಗ್ರು ಅವ. ಬೀಳ್ಲಿಲ್ಲಂದ್ರ ಏಪ್ರಿಲ್‌ನ್ಯಾಗ ಭೀಮ ಜಯಂತಿ ಮುಗಿಸಿ ಎಲ್ಲಾರ ಕೂಡ ಹೋಗಿಬಿಡ್ತೇನಿ.’

19 ಫೆಬ್ರವರಿ, ಬೆಳಿಗ್ಗೆ 11.15

388 ಮೀಟರ್. ಕಲ್ಲು ಬದಲಾಯಿತು!!

ಗಂಟೆಗೆ ಒಂದು ಮೀಟರ್ ಇಳಿಯುತ್ತಿದ್ದ ಡ್ರಿಲ್ಲಿನ ವೇಗ ಒಮ್ಮೆಲೇ ಹನ್ನೊಂದಕ್ಕೆ ಏರಿತು. ಜರಡಿಗೆ ಓಡಿದೆ. ತಟ್ಟೆಯಲ್ಲಿ ಬಿಳಿ ಉಸುಕು. ಉರುಟು ಉರುಟು ಕಾಳು, ಸ್ವಚ್ಛ. ಮರಳುಗಲ್ಲು! ಲಾವಾ ಬಂದು ಹರಿಯುವ ಮೊದಲು ಇಲ್ಲೊಂದು ನದಿ ಇತ್ತು. ಆರೂವರೆ ಕೋಟಿ ವರ್ಷದ ಕತ್ತಲೆಯಿಂದ ಹೊರಗೆ ಬಂದ ಉಸುಕು ನನ್ನ ಅಂಗೈಯಲ್ಲಿ. ಇಷ್ಟು ವರ್ಷವಾದರೂ ಈ ಗಳಿಗೆಗೆ ಎದೆ ಹೊಡೆದುಕೊಳ್ಳುತ್ತದೆ. ಹೇಳಿಕೊಳ್ಳಲು ಯಾರೂ ಇರಲಿಲ್ಲ. ಸುಭದ್ರಾಬಾಯಿಗೆ ಹೇಳಿದೆ.

ನೆಲದೊಳಗೆ ಎಣ್ಣೆಯ ಕೆರೆ ಇರುವುದಿಲ್ಲ, ಕಲ್ಲಿನ ಕಾಳು-ಕಾಳುಗಳ ನಡುವಿನ ಸಂದಿಯಲ್ಲಿ ತುಂಬಿರುತ್ತದೆ ಎಂದೆ. ಸ್ವಲ್ಪ ಯೋಚಿಸಿದರು.

‘ಸೇರಿನ ತುಂಬ ಜೋಳ ಹಾಕಿ, ಮ್ಯಾಲ ನೀರು ಸುರದ್ರ ಇನ್ನಾ ಹಿಡಿತದಲ್ರಿ, ಹಂಗ?’

ಹಾಗೇ. ಎಂ.ಎಸ್ಸಿ.ಯಲ್ಲಿ ನನಗೆ ಇದನ್ನು ಕಲಿಸಲು ಒಂದು ಸೆಮಿಸ್ಟರ್ ಹಿಡಿದಿತ್ತು.

27 ಫೆಬ್ರವರಿ

ಇವತ್ತು ಬಾವಿಯೊಳಗೆ ಉಪಕರಣ ಇಳಿಸಿ ಕಲ್ಲಿಗೆ ಕರೆಂಟು ಹಾಯಿಸಿ ನೋಡಿದರು. ಉಪ್ಪುನೀರು ತುಂಬಿದ ಕಲ್ಲಿನಲ್ಲಿ ಕರೆಂಟು ಸಲೀಸಾಗಿ ಹಾಯುತ್ತದೆ. ಎಣ್ಣೆಯೋ ಗ್ಯಾಸೋ ಇದ್ದರೆ ತಡೆಯುತ್ತದೆ. ನಮ್ಮ ಮರಳುಗಲ್ಲು ತಡೆಯಿತು. ಮೇಲಿನಿಂದ ಕೆಳಗಿನ ತನಕ, ಇಪ್ಪತ್ತಾರು ಮೀಟರ್. ಮುಂಬೈ ಆಫೀಸಿನಲ್ಲಿ ಪೇಡೆ ಹಂಚಿದರಂತೆ.

ನನಗೆ ಅನುಮಾನ. ಚೂರುಗಳನ್ನು ನೀಲಿ ಲ್ಯಾಂಪಿನಡಿ ಮೂರು ಸಲ ನೋಡಿದೆ. ಎಣ್ಣೆ ಇದ್ದರೆ ಬಂಗಾರದ ಬಣ್ಣಕ್ಕೆ ಹೊಳೆಯಬೇಕು. ಹೊಳಪಿಲ್ಲ, ವಾಸನೆ ಇಲ್ಲ. ಕರೆಂಟು ತಡೆಯುವುದು ಇನ್ನೂ ಒಂದಿದೆ— ಸಿಹಿನೀರು.

ಮುಂಬೈ ಸಾಹೇಬರಿಗೆ ಫೋನಿನಲ್ಲಿ ಹೇಳಿದೆ. ಪಂಢರಿ, ನೀನು ಯಾವಾಗಲೂ ಅಪಶಕುನ ನುಡಿಯುತ್ತೀ ಎಂದರು.

3 ಮಾರ್ಚ್

ಬ್ಯಾರಲ್ ಎಣ್ಣೆ ಮೂವತ್ತೈದು ಡಾಲರ್ ಆಸುಪಾಸು. ಎರಡು ವರ್ಷದ ಹಿಂದೆ ನೂರರ ಮೇಲಿತ್ತು. ಸುಭದ್ರಾಬಾಯಿ ರೊಟ್ಟಿ ಬಿಚ್ಚುತ್ತ ಕೇಳಿದರು, ಎಲ್ಲರ ಮೋತಿ ಯಾಕ ಸಣ್ಣದಾಗಿದೆ ಎಂದು.

ಎಣ್ಣೆ ಸಿಗಬೇಕಾದರೆ ಮೂರು ಕಲ್ಲು ಬೇಕು ಎಂದೆ— ಹುಟ್ಟಿಸುವ ಕಲ್ಲು, ತುಂಬಿಕೊಳ್ಳುವ ಕಲ್ಲು, ಮುಚ್ಚುವ ಕಲ್ಲು.

‘ಒಲಿಗಿ ಬೇಕಲ್ರಿ, ಹಂಗ.’

ಹೌದು. ಆದರೆ ನಮ್ಮ ಧಂದೆಯಲ್ಲಿ ನಾಲ್ಕನೆಯದೂ ಒಂದಿದೆ— ರೇಟು. ನೂರು ಡಾಲರ್ ಇದ್ದಾಗ ಚೂರು ಗ್ಯಾಸು ಸಿಕ್ಕರೂ ಪೈಪ್‌ಲೈನ್ ಎಳೆಯುವ ಮಾತಾಡುತ್ತಾರೆ. ಮೂವತ್ತೈದಕ್ಕೆ ಅದೇ ಬಾವಿಯನ್ನು ಮುಚ್ಚುತ್ತಾರೆ. ಕಲ್ಲು ಅದೇ, ಗ್ಯಾಸು ಅದೇ. ಬದಲಾದದ್ದು ಎಲ್ಲೋ ದೂರದ ಒಂದು ಅಂಕಿ.

‘ನೀರಿಗಿ ರೇಟು ಇಳಿತದೇನ್ರಿ ಎಲ್ಯಾರ?’ ಎಂದು ಕೇಳಿ ಪಾತ್ರೆ ತೊಳೆಯಲು ಹೋದರು.

14 ಮಾರ್ಚ್, ಸಂಜೆ 6

ಟೆಸ್ಟ್ ಆಯಿತು. ಮರಳುಗಲ್ಲಿಗೆ ಬಾಯಿ ಬಿಡಿಸಿ, ಒಳಗಿನದನ್ನು ಮೇಲೆ ಬರಗೊಟ್ಟರು.

ನೀರು. ಬರೀ ನೀರು. ಮೊದಲು ಕೆಸರಾಗಿ, ಆಮೇಲೆ ತಿಳಿಯಾಗಿ. ಒತ್ತಡಕ್ಕೆ ತಾನೇ ಏರಿ ನೆಲದಿಂದ ಇನ್ನೂರು ಅಡಿ ಕೆಳಗೆ ಬಂದು ನಿಂತಿದೆ, ಅಲ್ಲಿಂದ ಗಾಳಿ ಒತ್ತಿ ಹೊರಗೆ ತಂದರು. ರಿಗ್ ಮ್ಯಾನೇಜರ್ ಹೆಲ್ಮೆಟ್ ನೆಲಕ್ಕೆ ಒಗೆದ. ನಾನು ಬೊಗಸೆ ಒಡ್ಡಿದೆ. ಉಗುರು ಬೆಚ್ಚಗೆ. ನಾಲಿಗೆಗೆ ಇಟ್ಟೆ, ನುಂಗಿದೆ. ಸಿಹಿ! ಎರಡು ಬಾಟಲಿ ತುಂಬಿ ಚೀಟಿ ಅಂಟಿಸಿ ಇಟ್ಟುಕೊಂಡೆ.

ರಿಪೋರ್ಟ್ ಬರೆದೆ: ‘ಬಾವಿ ಎಯು-1. ಡ್ರೈ.’

ನಮ್ಮ ಧಂದೆಯಲ್ಲಿ ಎಣ್ಣೆ-ಗ್ಯಾಸು ಸಿಗದ ಬಾವಿಗೆ ಡ್ರೈ ಎನ್ನುತ್ತಾರೆ. ನೀರು ಉಕ್ಕಿ ಹರಿದರೂ ಡ್ರೈ. ಇಪ್ಪತ್ತಾರು ವರ್ಷದಲ್ಲಿ ಹತ್ತೊಂಬತ್ತು ಸಲ ಬರೆದಿದ್ದೇನೆ. ಕೈಗೆ ರೂಢಿ.

16 ಮಾರ್ಚ್

ರಿಗ್ಗು ಬಿಚ್ಚುತ್ತಿದ್ದಾರೆ. ಗುಜರಾತಿಗೆ ಹೋಗುತ್ತದಂತೆ. ಬಾವಿಯ ಬಾಯಿಗೆ ಸದ್ಯಕ್ಕೆ ಕಬ್ಬಿಣದ ಮುಚ್ಚಳ. ಏಪ್ರಿಲ್ 18ಕ್ಕೆ ಸಿಮೆಂಟಿನ ತಂಡ ಬಂದು ತಳದಿಂದ ಮೇಲಿನ ತನಕ ತುಂಬಿ ಮುಗಿಸುತ್ತದೆ.

ಆದರೆ ಒಂದು ದಾರಿ ಇದೆ! ಸರಕಾರದ ಜೊತೆಗಿನ ಕರಾರಿನಲ್ಲಿ ಒಂದು ಕಲಮು— ನೀರಿನ ಇಲಾಖೆಯವರು ಮುಚ್ಚುವ ಮೊದಲು ಲಿಖಿತವಾಗಿ ಕೇಳಿದರೆ ಬಾವಿಯನ್ನು ಹಾಗೇ ಅವರಿಗೆ ಬಿಟ್ಟುಕೊಡಬೇಕು. ಮುಂಬೈಯಿಂದ ಅವರಿಗೆ ಕೊಡಬೇಕಾದ ಇಂಗ್ಲಿಷ್ ನೋಟೀಸು ಬಂತು. ಔರಾದದ ನೀರಿನ ಆಫೀಸಿಗೆ ಕನ್ನಡ ಪ್ರತಿ ಬೇಕಂತೆ. ಬೇರೆ ಯಾರಿದ್ದಾರೆ, ನಾನೇ ಕೂತು ಕನ್ನಡ ಮಾಡಿ ಕೈಬರಹದಲ್ಲಿ ಕೊಟ್ಟೆ. ಐದು ನಿಮಿಷದ ಕೆಲಸ. ಖುಷಿಯಿಂದ ಮಾಡಿದೆ.

ಸುಭದ್ರಾಬಾಯಿಗೆ ಹೇಳಲಿಲ್ಲ. ಆಫೀಸಿನವರೇ ಬಂದು ಹೇಳಲಿ, ಆ ಮೋತಿ ನೋಡಬೇಕು. ನನಗೆ ನಾಳೆಯಿಂದ ರಜೆ. ವಾಪಸ್ ಬರುವ ಹೊತ್ತಿಗೆ ವಾಡಿಯಲ್ಲಿ ನಲ್ಲಿ!

24 ಮಾರ್ಚ್, ಮೈಲೂರ

ಮನೆ ಬೀಗ ತೆಗೆದು ವಾರವಾಯಿತು. ಎರಡು ವರ್ಷದ ಧೂಳು. ಬಾಗಿಲಲ್ಲಿ ನಿಂತಿದ್ದಾಗ ಪಕ್ಕದ ಮನೆಯ ಮರಿಯಮಬೀ ಕೇಳಿದರು, ‘ಯಾರು ಬೇಕಾಗಿತ್ತು ಬಾಬಾ?’ ಚಿಕ್ಕವನಿದ್ದಾಗ ಕಿವಿ ಹಿಂಡಿ ಸಾಲೆಗೆ ಕಳಿಸಿದವರು. ನಾನು ಪಂಢರಿ ಎಂದೆ. ‘ಯಾವ ಪಂಢರಿ?’ ಎಂದರು. ಕಣ್ಣು ಮಂಜಾಗಿದೆ, ಅವರ ತಪ್ಪಲ್ಲ.

ಮದುವೆ ಆಗಲಿಲ್ಲ. ಮೊದಲು ಕೆಲಸ ಪಕ್ಕಾ ಆಗಲಿ ಎಂದೆ, ಆಮೇಲೆ ಈ ಬಾವಿ ಮುಗಿಯಲಿ ಎಂದೆ. ಡ್ರೈ ಬಾವಿಗಳೇ ಹತ್ತೊಂಬತ್ತು ಮುಗಿದವು.

ಹೋಟೆಲಿನ ರೊಟ್ಟಿ ತಂದೆ. ಚರ್ಮದಂತಿತ್ತು. ಅರ್ಧ ಬಿಟ್ಟೆ.

2 ಏಪ್ರಿಲ್

ಧಾನ್ಯದ ಪೇಟೆ ಗಾಂಧಿ ಗಂಜ್‌ಗೆ ಹೋಗಿದ್ದೆ. ಅಪ್ಪ ಮೂವತ್ತು ವರ್ಷ ಇಲ್ಲಿ ಚೀಲ ಹೊತ್ತರು. ಈಗ ತೊಗರಿ ಚೀಲವೇ ಕಡಿಮೆ, ಹಮಾಲರು ಕೈಗಾಡಿ ಮೇಲೆ ಮಲಗಿದ್ದರು. ಒಂದು ಹಳೆಯ ಅಂಗಡಿಯಲ್ಲಿ ಹಿತ್ತಾಳೆ ಸೇರು ಕಂಡಿತು. ಕೊಂಡೆ. ಸುಭದ್ರಾಬಾಯಿಗೆ ಕೊಡಬೇಕು. ಜೋಳ ತುಂಬಿ ನೀರು ಹಾಕಿ ನೋಡ್ರಿ ಅನ್ನಬೇಕು.

ಏನು ಹೇಳಿ ಕೊಡಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಹುಚ್ಚು.

12 ಏಪ್ರಿಲ್, ಬಾವಿಯ ಹತ್ತಿರ

ರಿಗ್ಗು ಹೋಗಿದೆ. ಬಯಲಿನಲ್ಲಿ ನನ್ನ ಕ್ಯಾಬಿನ್ನು, ಮುಚ್ಚಳ ಹಾಕಿದ ಬಾವಿ, ವಾಚ್‌ಮನ್ ಶರಫೋದ್ದೀನ. ಲಾತೂರಿಗೆ ರೈಲಿನಲ್ಲಿ ನೀರು ಬರುತ್ತಿದೆಯಂತೆ, ಮೊಬೈಲಿನಲ್ಲಿ ಫೋಟೋ ತೋರಿಸಿದ. ನಲ್ಲಿ ಎಲ್ಲಿ ಎಂದು ಕೇಳಿದೆ. ಯಾವ ನಲ್ಲಿ ಎಂದ.

ವಾಡಿಗೆ ನಡೆದುಕೊಂಡು ಹೋದೆ. ಸುಭದ್ರಾಬಾಯಿ ಅಂಗಳದಲ್ಲಿ ಗಂಟು ಕಟ್ಟುತ್ತಿದ್ದರು.

‘ಎಮ್ಮಿ ಮಾರ್ದೆ ಅಣ್ಣ. ನಾಡಿದ್ದು ಜಯಂತಿ. ಮರುದಿನ ಭಾಲ್ಕಿಗಿ ಹೋಗಿ ಮುಂಬೈ ಗಾಡಿ ಹಿಡಿತೇವಿ. ಕಾಶೀರಾಮ ಪುಣಾ ಟೇಶನ್‌ಗಿ ಬರ್ತಾನ.’

‘ಯಾಕ್ರಿ? ಬಾವ್ಯಾಗ ನೀರು ಅದಲ್ರಿ!’

‘ಇಲ್ಲಂತಲ್ರಿ. ಪಂಚಾಯ್ತಿ ಬೋರ್ಡಿಗಿ ಕಾಗದ ಹಚ್ಯಾರ. ಮಾಸ್ತರ ಓದಿ ಹೇಳ್ಯಾರ. ಒಣ ಅಂತ.’

ಬೋರ್ಡಿಗೆ ಹೋಗಿ ನೋಡಿದೆ. ನನ್ನದೇ ಅಕ್ಷರದ ಝೆರಾಕ್ಸು— ‘ಸದರಿ ಬಾವಿಯು ಒಣ ಎಂದು ಕಂಡುಬಂದಿದ್ದು, ಕೈಬಿಡಲಾಗಿದೆ.’

ಡ್ರೈ ಇದ್ದಲ್ಲಿ ಒಣ ಎಂದು ಬರೆದಿದ್ದೆ. ನೀರಿನ ರುಚಿ ಬಾಯಲ್ಲಿ ಇದ್ದಾಗಲೇ ಬರೆದಿದ್ದೆ! ಬಿಹಾರದವನು ಬರೆದಿದ್ದರೆ ಕ್ಷಮಿಸಬಹುದು. ಒಣ ಅಂದರೆ ಏನೆಂದು ಗೊತ್ತಿದ್ದವನು ಈ ಬಯಲಿನಲ್ಲಿ ನಾನೊಬ್ಬನೇ ಇದ್ದೆ.

ಸುಭದ್ರಾಬಾಯಿಗೆ ‘ಏನೋ ಗಲತ್ ಆಗ್ಯದ, ಆಫೀಸಿಗಿ ಹೋಗಿ ಬರ್ತೇನಿ’ ಎಂದಷ್ಟೇ ಹೇಳಿದೆ. ಬರೆದವನು ನಾನು ಎಂದು ಹೇಳಲಿಲ್ಲ. ಹೇಳಲು ಆಗಲಿಲ್ಲ. ಹೇಡಿ.

13 ಏಪ್ರಿಲ್, ಔರಾದ

ನೀರಿನ ಆಫೀಸಿನ ಇಂಜಿನಿಯರ್ ನಿಜಾಮೋದ್ದೀನ. ಒಳ್ಳೆಯ ಮನುಷ್ಯ, ದಣಿದ ಮನುಷ್ಯ. ಟೇಬಲ್ ತುಂಬ ಟ್ಯಾಂಕರಿನ ಅರ್ಜಿಗಳು. ಫೈಲು ತೆಗೆಸಿದರು.

‘ನೋಡ್ರಿ ಸಾಬ. ಒಣ ಅಂತ ನೀವೇ ಬರದೀರಿ. ಒಣ ಬೋರು ನಮ್ಮ ತಾಲೂಕಿನ್ಯಾಗ ಮಸ್ತ್ ಅವ. ಇನ್ನೊಂದು ತಗೊಂಡು ನಾ ಏನು ಮಾಡ್ಲಿ?’

ಡ್ರೈ ಎಂದರೆ ಏನೆಂದು ಬಿಡಿಸಿ ಹೇಳಿದೆ. ಬಾಯಿ ತೆರೆದು ಕೇಳಿದರು. ಆಮೇಲೆ ಹಣೆಗೆ ಕೈ ಹೊಡೆದುಕೊಂಡರು.

‘ಯಾ ಅಲ್ಲಾ. ನೀರಿದ್ದದ್ದಕ್ಕ ಒಣ ಅಂತಾರ? ಯಾವ ದೇಶದ ಮಾತ್ರಿ ಇದು?’

ಕಂಪನಿಯಿಂದ ಇನ್ನೊಂದು ಕಾಗದ ತನ್ನಿ, ನೀರಿದೆ ಎಂದು ಒಂದೇ ಸಾಲು ಸಾಕು, ನಾಳೆ ಸೂಟಿ, ಶುಕ್ರವಾರ ಬನ್ನಿ ಎಂದರು.

14 ಏಪ್ರಿಲ್

ಮುಂಬೈ ಸಾಹೇಬರಿಗೆ ಫೋನು. ಇಲ್ಲ ಎಂದರು. ಬಾವಿಯಲ್ಲಿ ಏನಿದೆ ಎಂಬುದು ಕಂಪನಿಯ ಗುಟ್ಟು, ಪಕ್ಕದ ಬ್ಲಾಕಿನಲ್ಲಿ ಎಣ್ಣೆ ಹುಡುಕುವ ಕಂಪನಿಯವರು ಇದನ್ನೇ ಕಾಯುತ್ತಿದ್ದಾರೆ, ಡ್ರೈ ಅಂದರೆ ಡ್ರೈ. ಒಂದು ಅಕ್ಷರ ಹೊರಗೆ ಹೋದರೂ ನಿನ್ನ ಕಾಂಟ್ರಾಕ್ಟು ಅವತ್ತೇ ಕಟ್ ಎಂದರು. ಆಮೇಲೆ ಮೆತ್ತಗೆ, ‘ಪಂಢರಿ, ನಿನಗೇನು? ಇನ್ನೊಂದು ಬಾವಿ ಇದೆ, ಜೂನ್‌ಗೆ’ ಎಂದರು.

ವಾಡಿಯಲ್ಲಿ ಜಯಂತಿ. ಇಪ್ಪತ್ತು ಮನೆಯವರು, ಒಂದು ನೀಲಿ ಧ್ವಜ, ಒಂದು ಫೋಟೋ, ಒಂದು ಡಬ್ಬಿ ಪಾಯಸ. ಪಾಯಸಕ್ಕೆ ನೀರು ಟ್ಯಾಂಕರಿನದು, ಲೆಕ್ಕ ಹಿಡಿದು ಹಾಕಿದ್ದರು. ಜೈಭೀಮ ಎಂದು ಕೈಮುಗಿದು ನಿಂತೆ. ಸುಭದ್ರಾಬಾಯಿ ನನ್ನ ಕೈಗೆ ಬಟ್ಟಲು ಕೊಟ್ಟರು.

‘ಆಫೀಸಿನ್ಯಾಗ ಏನಂದ್ರು ಅಣ್ಣ?’

‘ನಾಳಿ ಬಾ ಅಂದಾರ.’

‘ಹ್ಞೂಂ. ನಾಳಿ ಅಂದ್ರ ನಮ್ಮ ಗಾಡಿ.’

ಬಟ್ಟಲನ್ನು ಪಕ್ಕದ ಹುಡುಗನ ಕೈಗೆ ಕೊಟ್ಟೆ.

15 ಏಪ್ರಿಲ್, ಬೆಳಿಗ್ಗೆ 11, ಔರಾದ ಆಫೀಸಿನ ಬೆಂಚು

ಕಂಪನಿ ಕಾಗದ ಕೊಡುವುದಿಲ್ಲ ಎಂದೆ. ನಿಜಾಮೋದ್ದೀನ ಸಾಹೇಬರು ಫೈಲು ತೆರೆದು ನನ್ನ ಕಾಗದವನ್ನು ಮುಂದೆ ಎಳೆದುಕೊಂಡರು.

‘ಕಂಪನಿದು ಬ್ಯಾಡ್ರಿ. ತರ್ಜುಮಾ ತಪ್ಪಾಗ್ಯದ ಅಂತ ತರ್ಜುಮಾ ಮಾಡಿದಾವನೇ ಬರದು ದಸ್ಕತ್ತು ಹಾಕಿದ್ರ ಸಾಕು. ಅದರ ಮ್ಯಾಲ ನಾ ಬಾವಿ ಕೇಳ್ತೇನಿ. ಆದ್ರ ಎಲ್ಲಾ ನಿಮ್ಮ ಹೆಸರಿಗಿ ಬರ್ತದ. ಮತ್ತ ಅದೇ ಬೋರ್ಡಿಗಿ ಹಚ್ಚಬೇಕಾಗ್ತದ. ಸೋಚ್ ಮಾಡ್ರಿ.’

ಯೋಚಿಸುವುದಕ್ಕೆ ಏನಿದೆ? ಇದೆ. ಇಪ್ಪತ್ತಾರು ವರ್ಷ ಇದೆ. ಇದು ಬಿಟ್ಟರೆ ಬೇರೆ ಕೆಲಸ ಗೊತ್ತಿಲ್ಲ, ಬೇರೆ ಜನ ಗೊತ್ತಿಲ್ಲ.

ಬರೆದೆ— ‘ಮಾರ್ಚ್ 16ರ ಕಾಗದದಲ್ಲಿ ಒಣ ಎಂದು ಬರೆದದ್ದು ನನ್ನ ತಪ್ಪು. ಬಾವಿಯಲ್ಲಿ ಎಣ್ಣೆ-ಗ್ಯಾಸು ಇಲ್ಲ. ಸಿಹಿನೀರು ಇದೆ. ನಾನೇ ಕುಡಿದು ನೋಡಿದ್ದೇನೆ. —ಪಂಢರಿ, ಮೈಲೂರ, ಬೀದರ.’

ಒಂದು ಬಾಟಲಿ ತಪಾಸಣೆಗೆ ಕೊಟ್ಟೆ. ಇನ್ನೊಂದು ಚೀಲದಲ್ಲಿದೆ. ಭಾಲ್ಕಿ ಬಸ್ಸು ಬಂತು.

16 ಏಪ್ರಿಲ್, ಬೆಳಿಗ್ಗೆ

ನಿನ್ನೆ ಭಾಲ್ಕಿಯಲ್ಲಿ ಬರೆಯಲು ಕೈ ಬರಲಿಲ್ಲ. ಈಗ ಬರೆಯುತ್ತೇನೆ.

ಪ್ಲಾಟ್‌ಫಾರ್ಮಿನ ತುಂಬ ಗಂಟುಗಳು. ಕೊಡಗಳನ್ನೂ ತಂದಿದ್ದರು, ಖಾಲಿ ಕೊಡಗಳು. ಗಾಡಿಗೆ ಇನ್ನೂ ಅರ್ಧ ತಾಸು. ಸುಭದ್ರಾಬಾಯಿ ನನ್ನನ್ನು ನೋಡಿ ಎದ್ದು ನಿಂತರು.

‘ಅಯ್ಯ ಅಣ್ಣ, ಇಲ್ಲೀತನಕ ಯಾಕ ಬಂದ್ರಿ?’

ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ಸೇರು ತೆಗೆದೆ, ಬಾಟಲಿಯ ನೀರು ಸುರಿದೆ, ಕುಡೀರಿ ಎಂದೆ. ಕುಡಿದರು. ಇನ್ನೊಂದು ಗುಟುಕು ಬಾಯಲ್ಲಿ ಹಿಡಿದು ನಿಧಾನ ನುಂಗಿದರು.

‘ಸಿಹಿ ಅದ. ಎಲ್ಲಿದ್ರಿ?’

‘ನಿಮ್ಮ ವಾಡಿದು. ಅದೇ ಬಾವಿದು.’

‘ಮತ್ತ ಒಣ ಅಂತ ಯಾರು ಬರದ್ರು?’

‘ನಾನೇ ಬರದೆ.’

ಸೇರನ್ನು ಗಂಟಿನ ಮೇಲೆ ಇಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಧಂದೆಯ ಮಾತು, ರೂಢಿ, ಇಂಗ್ಲಿಷು ಎಂದು ಏನೇನೋ ತೊದಲಿದೆ. ಕೈ ಅಡ್ಡ ಹಿಡಿದು ನಿಲ್ಲಿಸಿದರು.

‘ಬೀದರದವ್ರು ಇದ್ದೀರಿ. ಒಣ ಅಂದ್ರ ಏನು ನಿಮಗ ಗೊತ್ತಿಲ್ಲೇನ್ರಿ?’

ಸೇರಿನಲ್ಲಿ ಉಳಿದ ನೀರನ್ನು ವಾಡಿಯವರಿಗೆ ಒಬ್ಬೊಬ್ಬರಿಗೆ ಗುಟುಕು ಗುಟುಕು ಕೊಟ್ಟರು. ಯಾರದು ಎಂದು ಕೇಳಿದವರಿಗೆ ನಮ್ಮದು ಎಂದರು. ಅಷ್ಟರಲ್ಲಿ ಗಾಡಿ ಬಂತು, ಎಲ್ಲರೂ ಹತ್ತಿ ಕೂತರು. ಇಳಿದುಬಿಡ್ರಿ, ಸೋಮವಾರದ ತನಕ ನಿಲ್ರಿ ಎಂದೆ. ಎಮ್ಮೆ ಮಾರಿ ಆಗಿದೆ, ಕಾಶೀರಾಮ ಟೇಶನ್ನಿಗೆ ಬರುತ್ತಾನೆ, ಯಾವ ಮಾತು ನಂಬಿ ನಿಲ್ಲಲಿ ಎಂದರು. ಸರಿಯಾದ ಪ್ರಶ್ನೆ.

ಕಿಟಕಿಯಿಂದ ಸೇರು ವಾಪಸು ಕೊಟ್ಟರು. ಅದು ನಿಮಗ ತಂದದ್ದು ಎಂದೆ. ತೆಗೆದುಕೊಳ್ಳಲಿಲ್ಲ. ಕಾಶೀರಾಮನ ಫೋನ್ ನಂಬರು ಹೇಳಿದರು, ಇದೇ ಪುಟದ ಮೇಲೆ ಬರೆದುಕೊಂಡೆ.

‘ನೀರು ಬಿದ್ರ ಫೋನ್ ಮಾಡ್ರಿ. ಮತ್ತೇನೂ ಹೇಳಬ್ಯಾಡ್ರಿ. ಒಣಾನೋ ಹಸಿನೋ, ಅಷ್ಟ ಹೇಳ್ರಿ… ಬರ್ತೇನ್ರಿ, ಸಾಹೇಬ್ರ.’

ಸಾಹೇಬ್ರ ಎಂದರು. ಗಾಡಿ ಹೋದ ಮೇಲೂ ಬೆಂಚಿನ ಮೇಲೆ ಕೂತಿದ್ದೆ. ಅಷ್ಟೊಂದು ಒಂಟಿ ನಾನು ಮರಳುಗಾಡಿನಲ್ಲಿಯೂ ಆಗಿರಲಿಲ್ಲ.

18 ಏಪ್ರಿಲ್

ಒಂಬತ್ತಕ್ಕೆ ಸಿಮೆಂಟಿನ ಲಾರಿಗಳು ಬಂದವು. ಪೈಪು ಜೋಡಿಸಿದರು. ಸಹಿ ಮಾಡು ಎಂದು ನನ್ನ ಮುಂದೆ ಕಾಗದ ಹಿಡಿದರು. ಮಾಡುವುದಿಲ್ಲ ಎಂದೆ. ಮುಂಬೈಗೆ ಫೋನು ಹೋಯಿತು. ಸಾಹೇಬರು ನನಗೆ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಹತ್ತೂವರೆಗೆ ಮುಚ್ಚಳದ ಬೋಲ್ಟು ಬಿಚ್ಚತೊಡಗಿದರು. ನಾನು ಹೋಗಿ ಮುಚ್ಚಳದ ಮೇಲೆ ಕೂತೆ. ಹೌದು, ಕೂತೇಬಿಟ್ಟೆ. ಶರಫೋದ್ದೀನ ನಕ್ಕ, ಆಮೇಲೆ ಬಂದು ಪಕ್ಕದಲ್ಲಿ ತಾನೂ ಕೂತ.

ಹನ್ನೊಂದೂವರೆ. ಮೋಟರ್‌ಸೈಕಲ್ ಮೇಲೆ ನಿಜಾಮೋದ್ದೀನ ಸಾಹೇಬರು, ಮೈಯೆಲ್ಲ ಧೂಳು. ಜೇಬಿನಿಂದ ಶಿಕ್ಕಾ ಹಾಕಿದ ಕಾಗದ ತೆಗೆದರು. ಬಾವಿ ಇಲಾಖೆಗೆ ಬೇಕು, ನೀರು ಕುಡಿಯಲು ಯೋಗ್ಯ. ಕರಾರಿನ ಕಲಮಿನ ನಂಬರನ್ನೂ ಹಾಕಿದ್ದರು.

ಲಾರಿಗಳು ತಿರುಗಿ ಹೋದವು. ಸಂಜೆ ನನ್ನ ಕಾಂಟ್ರಾಕ್ಟು ಮುಗಿಯಿತು ಎಂಬ ಇ-ಮೇಲ್ ಬಂತು. ಎರಡು ಸಾಲು. ಕಾಗುಣಿತ ಸರಿಯಿತ್ತು.

27 ಏಪ್ರಿಲ್

ಕ್ಯಾಬಿನ್ನು ಒಯ್ದರು. ಪಂಚಾಯ್ತಿಯವರನ್ನು ಕೇಳಿ ವಾಡಿಯ ಸಾಲೆಯಲ್ಲಿ ಮಲಗುತ್ತಿದ್ದೇನೆ. ಬೀಗ ಹಾಕಿದ ಅರವತ್ತೆರಡು ಮನೆ, ನಾನೊಬ್ಬ. ಬೋರ್ಡಿನ ಮೇಲೆ ಎರಡು ಕಾಗದ, ಎರಡೂ ನನ್ನ ಅಕ್ಷರ. ಓದುವವರಿಲ್ಲ.

ಪಂಪು ಇನ್ನೂ ಬಂದಿಲ್ಲ. ಫೋನ್ ಮಾಡಲಿಲ್ಲ. ಅಂದಾಜಿನ ಮಾತು ಇನ್ನು ಅವರಿಗೆ ಹೇಳುವುದಿಲ್ಲ.

9 ಮೇ, ಸಂಜೆ 5.20

ಔರಾದದಿಂದ ಪಂಪು ಮೆಕ್ಯಾನಿಕ್ ದಸ್ತಗೀರ ಬಂದ. ಬೆಳಿಗ್ಗೆಯಿಂದ ಪೈಪು ಇಳಿಸಿದ. ನಾಲ್ಕಕ್ಕೆ ಸ್ವಿಚ್ಚು ಹಾಕಿದ.

ಮೊದಲು ಗಾಳಿ. ಕೆಮ್ಮಿದಂತೆ. ಆಮೇಲೆ ಕೆಂಪು ನೀರು. ಆಮೇಲೆ ಬಿಳಿ. ನಾಲ್ಕು ಇಂಚಿನ ಪೈಪಿನ ತುಂಬ, ಒಂದು ತಾಸು, ಒಂದೇ ಸಮ! ದಸ್ತಗೀರ ಅಂಗಿ ತೆಗೆದು ಅದರಡಿ ನಿಂತ. ನಾನು ಸೇರು ಹಿಡಿದೆ, ತುಂಬಿತು, ಚೆಲ್ಲಿತು. ಬರಿದಾದ ಓಣಿಯಲ್ಲಿ ನೀರು ತಾನೇ ಹರಿದುಕೊಂಡು ಹೋಯಿತು, ಬೀಗ ಹಾಕಿದ ಒಂದೊಂದೇ ಬಾಗಿಲ ಮುಂದೆ. ಯಾವುದೂ ತೆರೆಯಲಿಲ್ಲ.

ದಸ್ತಗೀರ ಹೋದ. ಸಾಲೆಯ ಮೇಜಿನ ಮೇಲೆ ಸೇರು, ಈ ನೋಟಬುಕ್ಕು, ಸ್ಪೀಕರ್ ಹಾಕಿದ ಫೋನು. ನಂಬರು ಒತ್ತಿದ್ದೇನೆ. ರಿಂಗ್ ಆಗುತ್ತಿದೆ. ಸುಮ್ಮನೆ ಕೂತಿರಲು ಆಗದು, ಅದಕ್ಕೇ ಬರೆಯುತ್ತಿದ್ದೇನೆ. ಅಲ್ಲಿ ಕೆಲಸ ಸಿಕ್ಕಿರಬಹುದು. ಬರುವುದಿಲ್ಲ ಅನ್ನಬಹುದು. ಅನ್ನಲಿ, ಅದು ಅವರ ಹಕ್ಕು. ಕರೆಯುವುದು ಮಾತ್ರ ಹ್ಯಾಗೆ ಕರೆಯುತ್ತಾರೋ, ಅಣ್ಣ ಎಂದೋ, ಸಾಹೇಬ್ರ ಎಂದೋ…

ಕಾಶೀರಾಮ ಎತ್ತಿದ. ಅಕ್ಕಾ ಎಂದು ಕೂಗುತ್ತಿದ್ದಾನೆ. ಬಳೆಯ ಸದ್ದು.

‘ಯಾರ್ರೀ?’

‘ಹಸಿ’ ಎಂದೆ.

ಉಸಿರು ಕೇಳುತ್ತಿದೆ. ಹಿಂದೆ ಯಾವುದೋ ಲಾರಿಯ ಹಾರನ್ನು. ಮೂಗು ಒರೆಸಿಕೊಂಡರು. ಈಗ ಏನೋ ಹೇಳುತ್ತಿದ್ದಾರೆ. ಪೆನ್ನು ಕೆಳಗಿಡುತ್ತೇನೆ.